ನೀರು ಬರ್ತಿದೆ, ಸಾಮಾನು ಮೇಲಿಡಿ

ಬ್ಯೂನಸ್ ಐರಿಸ್ಸಿನ ಪಲೆರ್ಮೊ ಕಡೆ ಒಂದು ಚೌಕವಿದೆ. ಅದರ ಸುತ್ತಲಿನ ಬೀದಿಗಳಲ್ಲಿ ಬೇಕರಿಗಳಿಗಿಂತ ಸೈಕಾಲಜಿಸ್ಟುಗಳೇ ಹೆಚ್ಚು ಎಂದು ಊರವರು ನಗುತ್ತಾರೆ. ಅಲ್ಲಿನ ಒಂದು ಹಳೆಯ ಕಟ್ಟಡವನ್ನು ಅಮಿಲ್ಕಾರ್ ಸುನಿನೊ ತನ್ನ ಹರೆಯದಿಂದ ನೋಡಿಕೊಂಡು ಬಂದಿದ್ದ. ದಿನಾ ಬೆಳಿಗ್ಗೆ ಬಾಗಿಲ ಮುಂದಿನ ಹಾದಿಗೆ ನೀರು ಹೊಯ್ದು ಗುಡಿಸುವುದು, ಕಸ ಇಳಿಸುವುದು, ಲಿಫ್ಟಿನ ಕಂಬಿಬಾಗಿಲಿಗೆ ಎಣ್ಣೆ ಬಿಡುವುದು, ಗೋಡೆಯ ಮೇಲಿನ ಹಿತ್ತಾಳೆ ಫಲಕಗಳನ್ನು ಹೊಳೆಯುವ ಹಾಗೆ ಉಜ್ಜುವುದು ಅವನ ಕೆಲಸ. ಫಲಕಗಳಲ್ಲಿ ಇದ್ದುದೆಲ್ಲ ಮನಸ್ಸಿನ ಡಾಕ್ಟರುಗಳ ಹೆಸರು. ಅವರು ಮಲಗಿಸಿ ಮಾತಾಡಿಸುವ ಸೋಫಾಗಳನ್ನು ಮೆಟ್ಟಿಲ ಮೇಲೆ ಹೊತ್ತು ಸಾಗಿಸಿಯೇ ಅವನ ಸೊಂಟ ಹಿಡಿದುಕೊಂಡಿತ್ತು.

ನೆಲ ನೋಡುತ್ತಾ ಮೇಲೆ ಹೋಗಿ, ಮೂಗು ಒರೆಸಿಕೊಳ್ಳುತ್ತಾ ಕೆಳಗೆ ಬರುವ ಜನರನ್ನು ಅಮಿಲ್ಕಾರ್ ದಿನವಿಡೀ ನೋಡುತ್ತಿದ್ದ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ, "ಅಳೋದಕ್ಕೆ ಲಿಫ್ಟ್ ಹತ್ತಿ ಹೋಗ್ಬೇಕಾ? ನಮ್ಮೂರಲ್ಲಿ ಬೇಲಿ ಹತ್ರ ನಿಂತ್ಕೊಂಡು ಅತ್ತು ಬರ್ತಿದ್ರು," ಎನ್ನುತ್ತಿದ್ದ.

"ನಿಮ್ಮೂರು, ನಿಮ್ಮೂರು. ಎಲ್ಲಿದೆ ನಿಮ್ಮೂರು?" ಎಂದು ಅವನ ಹೆಂಡತಿ ನಿಲ್ದಾ ಹಂಗಿಸುತ್ತಿದ್ದಳು. ಮೂಲೆಯ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವುದು ಅವಳ ಕೆಲಸ. "ಈ ಊರಲ್ಲಿ ಮಾಂಸದಂಗಡಿಯವನಿಗೂ ಒಬ್ಳು ಸೈಕಾಲಜಿಸ್ಟ್ ಇದಾಳೆ. ನಿಂಗೊಬ್ಬನಿಗೇ ಇಲ್ಲ ನೋಡು, ಮುದುಕಾ."

ಅವನ ಊರು ಎಲ್ಲೂ ಇರಲಿಲ್ಲ. ಉರುಗ್ವೆ ನದಿಯ ದಂಡೆಯ ಮೇಲಿದ್ದ ಪುವೆರ್ತೊ ಸೌಸೆ ಅಣೆಕಟ್ಟಿನ ನೀರಿನಡಿ ಹೋಗಿ ನಲವತ್ತು ವರ್ಷದ ಹತ್ತಿರವಾಗಿತ್ತು.

ಗಂಡ ಹೆಂಡತಿ ಕಟ್ಟಡದ ನೆತ್ತಿಯ ಮೇಲೆ, ತಾರಸಿಯಲ್ಲಿನ ಎರಡು ಕೋಣೆಯ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಅಡುಗೆಮನೆಯ ಗೋಡೆಗೆ ಬೀದಿಬಾಗಿಲಿನ ಫೋನು ತೂಗುತ್ತಿತ್ತು. ಕೆಳಗೆ ಯಾರಾದರೂ ಗುಂಡಿ ಒತ್ತಿದರೆ ಅದು ಜೀರುಂಡೆಯ ಹಾಗೆ ಗುಂಯ್ಗುಡುತ್ತಿತ್ತು. ರಿಸೀವರ್ ಎತ್ತಿ ಮಾತಾಡಿ ಇಲ್ಲಿನ ಗುಂಡಿ ಒತ್ತಿದರೆ ಕೆಳಗಿನ ಬಾಗಿಲು ತೆರೆದುಕೊಳ್ಳುತ್ತಿತ್ತು.

ಅಲ್ಲಿನ ಬೇಸಿಗೆ ಮುಗಿಯುವ ಮಾರ್ಚ್ ತಿಂಗಳು. ಊಟವಾದ ಮೇಲೆ ಇಡೀ ಬೀದಿ ಕಣ್ಣು ಮುಚ್ಚಿಕೊಂಡಿರುವ ಹೊತ್ತು. ನಿಲ್ದಾ ಸಲೂನಿಗೆ ಹೋಗಿದ್ದಳು. ಅಮಿಲ್ಕಾರ್ ಸೋರೆಬುರುಡೆಯಲ್ಲಿ ಮಾಟೆ ಎಲೆಯ ಚಹಾ ಹಾಕಿಕೊಂಡು, ಕೊಳವೆಯಿಂದ ಅದರ ಕಹಿಯನ್ನು ಹೀರುತ್ತಾ ಕೂತಿದ್ದಾಗ ಫೋನು ಗುಂಯ್ಗುಟ್ಟಿತು.

"ಯಾರು?"

"ನಾನು. ಕೆಳಗಿದೀನಿ. ತೆಗಿ."

ಅಮಿಲ್ಕಾರ್ ತೆಗೆಯಲಿಲ್ಲ. ಅದು ಅವನದೇ ದನಿ. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲಿಫ್ಟ್ ಕೆಟ್ಟಾಗ, ನೀರು ನಿಂತಾಗ ಬಿಡಾರದವರಿಗೆಲ್ಲ ಮೊಬೈಲಿನಲ್ಲಿ ದನಿ ಸಂದೇಶ ಕಳಿಸಿ, ಸರಿಯಾಗಿ ಬಂದಿದೆಯೇ ಎಂದು ತಾನೇ ಮತ್ತೆ ಕೇಳಿಸಿಕೊಳ್ಳುತ್ತಿದ್ದವನು ಅವನು. ಅದೇ ದಪ್ಪ ದನಿ, ಮಾತಿನ ಕೊನೆಗೆ ಅದೇ ಸಣ್ಣ ಕೆಮ್ಮು.

ಮೆಟ್ಟಿಲಿಳಿದು ಹೋಗಿ ನೋಡಿದ. ಬಾಗಿಲ ಗಾಜಿನಾಚೆ ಬಿಸಿಲು, ಮರದ ನೆರಳು, ನಿಲ್ಲಿಸಿದ ಕಾರುಗಳು. ಒಂದು ನರಪಿಳ್ಳೆಯಿಲ್ಲ.

ಮಾರನೆಯ ದಿನವೂ ಅದೇ ಹೊತ್ತಿಗೆ ಬಂತು. ಆಮೇಲೆ ಒಂದು ದಿನ ಬಿಟ್ಟು ಮತ್ತೆ. ಹೆಚ್ಚು ಮಾತಿಲ್ಲ. ನಾನು, ಕೆಳಗಿದೀನಿ, ತೆಗಿ. ಕೋಪವಿಲ್ಲ, ಬೇಡುವ ಧಾಟಿಯೂ ಇಲ್ಲ. ಅಂಗಡಿಗೆ ಹೋಗಿ ಬಂದವನು ಮನೆಯವರನ್ನು ಕೂಗಿದ ಹಾಗೆ. ಅಮಿಲ್ಕಾರ್ ಯಾರಿಗೂ ಹೇಳಲಿಲ್ಲ. ತಂತಿ ಬಿಚ್ಚಿ ನೋಡಿದ, ಗುಂಡಿಗಳ ಫಲಕ ಒರೆಸಿದ, ರಿಪೇರಿಯವನನ್ನು ಕರೆಸಿದ. ಅವನು, "ಇದು ನಿಮಗಿಂತ ಗಟ್ಟಿಯಾಗಿದೆ, ಯಜಮಾನ್ರೇ," ಎಂದು ಬೆನ್ನು ತಟ್ಟಿ ಹೋದ.

ಒಂದು ಸೋಮವಾರ ಸಲೂನಿಗೆ ರಜೆ. ಅಮಿಲ್ಕಾರ್ ಬಚ್ಚಲಲ್ಲಿ ಮುಖಕ್ಷೌರ ಮಾಡಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಫೋನು ಗುಂಯ್ಗುಟ್ಟಿದ್ದು, ನಿಲ್ದಾ ಎತ್ತಿದ್ದು ಕೇಳಿಸಿತು.

"ಮತ್ತೆ ಬೀಗದಕೈ ಮರೆತ್ಯಾ? ನಿನ್ ತಲೆ ಕುತ್ತಿಗೆಗೆ ಅಂಟಿಕೊಂಡಿರೋದೇ ಪುಣ್ಯ," ಎಂದು ಬೈದು ಅವಳು ಗುಂಡಿ ಒತ್ತಿದಳು. ಕೆಳಗೆ, ದೂರದಲ್ಲಿ, ಬಾಗಿಲು ಕಟಕ್ಕೆಂದಿತು.

ಅಮಿಲ್ಕಾರ್ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಹೊರಗೆ ಬಂದ. ನಿಲ್ದಾ ಅವನನ್ನು ನೋಡಿದಳು. ಕೈಯಲ್ಲಿನ್ನೂ ರಿಸೀವರ್ ಇತ್ತು.

"ನೀನು ಇಲ್ಲೇ ಇದೀಯಾ?"

"ಇಲ್ಲೇ ಇದೀನಿ."

"ಮತ್ತೆ ನಾನು ಯಾರಿಗೆ ಬಾಗಿಲು ತೆಗೆದೆ?"

ಅಷ್ಟರಲ್ಲಿ ಲಿಫ್ಟು ಹೊರಟಿತು. ಅದು ಹಳೆಯ ಕಾಲದ ಕಂಬಿಬಾಗಿಲ ಲಿಫ್ಟು. ಒಳಗಿದ್ದವರು ಎರಡು ಬಾಗಿಲೂ ಎಳೆದು ಮುಚ್ಚಿ ಗುಂಡಿ ಒತ್ತಬೇಕು, ಇಲ್ಲವೇ ಮೇಲಿನಿಂದ ಯಾರಾದರೂ ಕರೆಯಬೇಕು. ಇವರು ಕರೆದಿರಲಿಲ್ಲ. ಒಂದೊಂದೇ ಮಹಡಿ ದಾಟಿ ಅದು ನರಳುತ್ತಾ ಏರಿ ಬಂದು ಅವರ ಬಾಗಿಲ ಮುಂದೆಯೇ ನಿಂತಿತು. ಒಳಗೆ ದೀಪ ಉರಿಯುತ್ತಿತ್ತು. ಕನ್ನಡಿಯಲ್ಲಿ ಅವರಿಬ್ಬರೂ ಕಾಣುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ನಿಲ್ದಾ ಗಂಡನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಳು.

ಆವತ್ತಿನಿಂದ ಮಧ್ಯಾಹ್ನದ ಗಂಟೆ ನಿಂತುಹೋಯಿತು.

"ನಿಂತಿತಲ್ಲ, ಬಿಡು. ತಂತಿ ಎಲ್ಲೋ ಸೇರಿಕೊಂಡಿತ್ತು ಅಷ್ಟೇ," ಎಂದಳು ನಿಲ್ದಾ ಕೆಲವು ದಿನ ಕಳೆದ ಮೇಲೆ.

"ಒಳಗೆ ಬಂದೋರು ಗಂಟೆ ಯಾಕೆ ಹೊಡೀತಾರೆ?" ಎಂದ ಅಮಿಲ್ಕಾರ್.

ಅದಾಗಿ ಸ್ವಲ್ಪ ದಿನಕ್ಕೆ, ಅವನು ಐದನೆಯ ಮಹಡಿಯ ಕಸ ತೆಗೆಯಲು ಹೋದಾಗ ಅಲ್ಲಿನ ಪೆರ್ಲಾ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದ ಮುದುಕಿ. ಅವಳ ಹಿಂದೆ, ಕೋಣೆಯೊಳಗೆ, ಕುರ್ಚಿಗಳೆಲ್ಲ ಮೇಜಿನ ಮೇಲೆ ಏರಿದ್ದವು. ನೆಲಹಾಸು ಸುತ್ತಿ ಬೀರುವಿನ ಮೇಲೆ ಇಟ್ಟಿತ್ತು.

"ನೀವು ಹೇಳಿದ ಹಾಗೇ ಎಲ್ಲಾ ಎತ್ತಿಟ್ಟಿದೀನಿ, ಅಮಿಲ್ಕಾರ್ ಅವ್ರೇ. ಫ್ರಿಜ್ಜೊಂದು ನನ್ ಕೈಲಿ ಆಗ್ಲಿಲ್ಲ. ಸ್ವಲ್ಪ ಬರ್ತೀರಾ?"

"ನಾನೇನು ಹೇಳಿದೆ, ಪೆರ್ಲಾ ಅಮ್ಮ?"

"ನಿನ್ನೆ ಮಧ್ಯಾಹ್ನ ಬಾಗಿಲ ಫೋನಲ್ಲಿ ಹೇಳಿದ್ರಲ್ಲ. ನೀರು ಬರ್ತಿದೆ, ಸಾಮಾನು ಮೇಲಿಡಿ ಅಂತ. ಪೈಪ್ ಒಡೀತೇನೋ ಅಂದ್ಕೊಂಡೆ." ಆಮೇಲೆ ಅವನ ಮುಖ ನೋಡಿ ಮೆಲ್ಲಗೆ ಕೇಳಿದಳು, "ನೀವೇ ತಾನೇ?"

ಆ ಮಾತನ್ನು ಅಮಿಲ್ಕಾರ್ ಮೊದಲು ಎಲ್ಲೋ ಕೇಳಿದ್ದ. ಒಳಗೆ ಏನೋ ಕದಲಿತು. ಅದು ಮೇಲೆ ಬರುವ ಮೊದಲೇ ಅವನು ಕಸದ ಚೀಲ ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟ.

ಮೂರನೆಯ ಮಹಡಿಯಲ್ಲೂ ಹಾಗೇ ಆಗಿತ್ತು. ಡಾಕ್ಟರೊಬ್ಬರ ಮುಂದೆ ಮಲಗಿ ಮಾತಾಡುತ್ತಿದ್ದ ಹುಡುಗಿ, ಗೋಡೆಯ ಫೋನಿನಿಂದ ಬಂದ ದನಿಗೆ ಬೆದರಿ ಚಪ್ಪಲಿ ಬಿಟ್ಟು ಓಡಿಹೋಗಿದ್ದಳಂತೆ. ದೂರು ಕಟ್ಟಡದ ಆಡಳಿತ ನೋಡುವ ಒಲಿವೇರಿಯ ಕಿವಿಗೆ ಬಿತ್ತು. ಅವನು ಅಮಿಲ್ಕಾರನನ್ನು ಕಛೇರಿಗೆ ಕರೆಸಿದ. ಕೆಟ್ಟ ಮನುಷ್ಯನಲ್ಲ, ಆದರೆ ಯಾರ ಕಣ್ಣನ್ನೂ ನೋಡಿ ಮಾತಾಡುತ್ತಿರಲಿಲ್ಲ.

"ನಿಮ್ಮನ್ನ ಕಳಿಸೋಕೆ ಯಾರಿಗೂ ಇಷ್ಟ ಇಲ್ಲ, ಅಮಿಲ್ಕಾರ್. ಆದ್ರೆ ಜನ ಹೆದರಿದಾರೆ. ಒಬ್ಬ ಸೈಕಾಲಜಿಸ್ಟ್ ಹತ್ರ ಪರೀಕ್ಷೆ ಮಾಡಿಸ್ಕೊಂಡು, ಎಲ್ಲಾ ಸರಿಯಿದೆ ಅಂತ ಒಂದು ಮಾತು ಬರೆಸ್ಕೊಂಡು ಬನ್ನಿ. ನಿಮಗೇನು ಕಷ್ಟ, ಕಟ್ಟಡದ ತುಂಬಾ ಅವ್ರೇ ಇದಾರೆ."

ಕಷ್ಟವಿದ್ದದ್ದು ಅಲ್ಲೇ. ಅವನು ಮೊದಲು ನಾಲ್ಕನೆಯ ಮಹಡಿಯ ಸೈಕಾಲಜಿಸ್ಟ್ ಲೆಟಿಸಿಯಾ ಬೊರ್ದಾಳ ಬಾಗಿಲು ತಟ್ಟಿದ. ಒಳ್ಳೆಯ ಹೆಂಗಸು, ಹಬ್ಬಕ್ಕೆ ಸಿಹಿರೊಟ್ಟಿ ಕೊಡುತ್ತಿದ್ದವಳು. ಅವಳು ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿಕೊಂಡು ತುಂಬಾ ಮುಜುಗರಪಟ್ಟಳು.

"ಆಗಲ್ಲ, ಅಮಿಲ್ಕಾರ್ ಅವ್ರೇ. ನನ್ನ ಮನೆ ಕಸದಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತು. ಹಾಗಿರುವಾಗ ನಾನು ನಿಮ್ಮ ಒಳಗೆ ಏನಿದೆ ಅಂತ ನೋಡಬಾರದು. ಈ ಕಟ್ಟಡದವರು ಯಾರೂ ನೋಡಬಾರದು. ಹೊರಗಿನವರ ಹತ್ರ ಹೋಗಿ."

ಅವಳು ಹೇಳಿದ ಹೊರಗಿನವರು ಸಿರಿವಂತರ ಬಡಾವಣೆ ರೆಕೊಲೆಟಾದಲ್ಲಿದ್ದರು. ದೊಡ್ಡ ಹೆಸರಿನ ಮನುಷ್ಯ, ರೇಷ್ಮೆಯಂಥ ಬಿಳಿ ಗಡ್ಡ. ಅಮಿಲ್ಕಾರ್ ಸೋಫಾದ ಮೇಲೆ ಮಲಗಿ ಚಾವಣಿ ನೋಡುತ್ತಾ, "ನನ್ನ ದನಿ ಬಾಗಿಲ ಹೊರಗಿತ್ತು, ಈಗ ಒಳಗೆ ಬಂದಿದೆ," ಎಂದು ಹೇಳಿದ. ತಲೆಯ ಹಿಂದಿನಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮನುಷ್ಯ ಎದ್ದು ಹೋದನೋ ಎಂದು ತಿರುಗಿ ನೋಡಬೇಕೆನ್ನುವಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು.

"ಇಲ್ಲಿಗೆ ನಿಲ್ಲಿಸೋಣ."

"ಅಂದ್ರೆ, ಸರ್?"

"ಮುಂದಿನ ವಾರ."

ಮನೆಗೆ ಬಂದಾಗ ನಿಲ್ದಾ, "ಏನಂದ್ರು?" ಎಂದಳು. "ಏನೂ ಅನ್ನಲಿಲ್ಲ. ನಮ್ಮ ಫೋನಲ್ಲಿರೋನೇ ಇವರಿಗಿಂತ ಹೆಚ್ಚು ಮಾತಾಡ್ತಾನೆ," ಎಂದ ಅಮಿಲ್ಕಾರ್. ನಿಲ್ದಾ ನಗಲು ಹೋಗಿ, ಗೋಡೆಯ ಕಡೆ ನೋಡಿ, ಅರ್ಧಕ್ಕೇ ನಿಲ್ಲಿಸಿದಳು.

ಆಮೇಲೆ ಕಾರ್ಮಿಕ ಸಂಘದ ದವಾಖಾನೆಗೆ ಹೋದ. ಅಲ್ಲಿನ ಯುವಕ ಮಸಿ ಚೆಲ್ಲಿದಂಥ ಚಿತ್ರಗಳಿದ್ದ ರಟ್ಟುಗಳನ್ನು ಒಂದೊಂದಾಗಿ ಮುಂದಿಟ್ಟ.

"ಇದ್ರಲ್ಲಿ ಏನು ಕಾಣುತ್ತೆ?"

"ಮನೆ ಚಾವಣಿ. ಸುತ್ತ ನೀರು."

"ಇದ್ರಲ್ಲಿ?"

"ಇದೂ ನೀರೇ. ಇದು ಇಗರ್ಜಿ ಗೋಪುರದ ತುದಿ. ಇದು ದೋಣಿ, ಒಳಗೆ ಯಾರೂ ಇಲ್ಲ."

ಯುವಕ ಗಾಬರಿಯಾಗಿ ಗುಳಿಗೆ ಕೊಡುವ ಡಾಕ್ಟರ ಬಳಿಗೆ ಹೋಗಿರೆಂದ. ಅವರ ಸರದಿ ಸಿಗಬೇಕಾದರೆ ಚಳಿಗಾಲ ದಾಟಬೇಕಿತ್ತು. ಅಮಿಲ್ಕಾರನಿಗೆ ಅಷ್ಟು ಕಾಯುವ ಹಾಗಿರಲಿಲ್ಲ. ಈಗೀಗ ಅವನು ಮೆಟ್ಟಿಲು ಗುಡಿಸುತ್ತಿದ್ದರೆ, ಒಂದು ಮಹಡಿ ಮೇಲೆ ಯಾರೋ ಬಾಗಿಲಿಂದ ಬಾಗಿಲಿಗೆ ಹೋಗಿ ಬೆರಳ ಗೆಣ್ಣಿನಿಂದ ತಟ್ಟುವುದು ಕೇಳುತ್ತಿತ್ತು. ಮೂರು ಸಲ ತಟ್ಟು, ಸ್ವಲ್ಪ ತಡೆ, ಮುಂದಿನ ಬಾಗಿಲು. ಇವನು ಹತ್ತಿ ಹೋದರೆ ಅದು ಇನ್ನೊಂದು ಮಹಡಿ ಮೇಲಕ್ಕೆ ಹೋಗಿರುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಪೆರ್ಲಾ ಅಮ್ಮ. ಕುರ್ಚಿಗಳನ್ನು ಮತ್ತೆ ಕೆಳಗಿಳಿಸಲು ಅವನು ಹೋಗಿದ್ದಾಗ ಕಾಫಿ ಮುಂದಿಟ್ಟು ಹೇಳಿದಳು.

"ವಿಯ್ಯಾ ಕ್ರೆಸ್ಪೊದಲ್ಲಿ ರಕೆಲ್ ಸ್ಲಿಂಗರ್ ಅಂತ ಇದಾಳೆ. ನನ್ನಷ್ಟೇ ಮುದುಕಿ. ನನ್ ಗಂಡ ಹೋದ ಮೇಲೆ ಎರಡು ವರ್ಷ ಅವನ ಷೇವಿಂಗ್ ಸೋಪಿನ ವಾಸನೆ ಬಚ್ಚಲಲ್ಲಿ ಬರ್ತಿತ್ತು. ಬೇರೆಯವರ ಹತ್ರ ಹೇಳಿದ್ರೆ ನಗ್ತಿದ್ರು. ಅವಳು ನಗಲಿಲ್ಲ. ಯಾವ ಸೋಪು ಅಂತ ಕೇಳಿದಳು."

ಅವಳು ನೆನಪಿನಿಂದ ಹೇಳಿದ ನಂಬರನ್ನು ಅಮಿಲ್ಕಾರ್ ಅಲ್ಲೇ, ಅವಳ ಮೇಜಿನ ಬಳಿಯೇ ಕೂತು ಒತ್ತಿದ.

"ಡಾಕ್ಟರ್ ಸ್ಲಿಂಗರ್ ಅವ್ರಾ? ನನ್ನ ಹೆಸರು ಸುನಿನೊ. ಪೆರ್ಲಾ ಅಮ್ಮ ನಿಮ್ಮ ನಂಬರ್..."

"ಗೊತ್ತಾಯ್ತು, ಸುನಿನೊ. ಬೆಳಿಗ್ಗೆನೇ ಮಾತಾಡಿದೀವಲ್ಲ," ಎಂದಿತು ಅತ್ತಲಿಂದ ಸಿಗರೇಟಿಗೆ ಒರಟಾದ ಹೆಣ್ಣುದನಿ. "ಗುರುವಾರ ಮೂರಕ್ಕೆ ಅಂತ ಹೇಳಿದ್ದೆ. ವಿಳಾಸ ಮರೆತ್ರಾ?"

ಅಮಿಲ್ಕಾರ್ ಪೆರ್ಲಾ ಅಮ್ಮನ ಮುಖ ನೋಡಿದ. ಅವಳು ಸಕ್ಕರೆ ಕಲಕುತ್ತಿದ್ದಳು. ಈ ಹೆಸರನ್ನೇ ಅವನು ಕೇಳಿದ್ದು ಈಗ, ಕಾಫಿ ಇನ್ನೂ ಬಿಸಿಯಿರುವಾಗ.

"ಹೌದು," ಎಂದ ಕಷ್ಟಪಟ್ಟು. "ಮರೆತೆ. ಇನ್ನೊಂದು ಸಲ ಹೇಳಿ."

ರಕೆಲ್ ಸ್ಲಿಂಗರ್ ಇದ್ದದ್ದು ಗುಂಡಿ, ದಾರ ಮಾರುವ ಅಂಗಡಿಯ ಮೇಲಿನ ಮನೆಯಲ್ಲಿ. ಮನೆಯ ಚಪ್ಪಲಿಯಲ್ಲೇ ಬಂದು ಬಾಗಿಲು ತೆಗೆದಳು. ಕುಳ್ಳಗೆ, ದಪ್ಪಗಾಜಿನ ಕನ್ನಡಕ. ಸೋಫಾದ ಮೇಲೆ ಪುಸ್ತಕಗಳ ರಾಶಿಯಿತ್ತು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿದಳು.

"ಕೂತ್ಕೊಳಿ, ಎವರಿಸ್ತೊ."

ಅಮಿಲ್ಕಾರ್ ಕೂರಲಿಲ್ಲ. ಆ ಹೆಸರನ್ನು ಅವನು ನಲವತ್ತು ವರ್ಷದಿಂದ ಬಾಯಿಬಿಟ್ಟು ಆಡಿರಲಿಲ್ಲ. ಪೆರ್ಲಾ ಅಮ್ಮನಿಗೂ ಗೊತ್ತಿರುವ ಹಾಗಿರಲಿಲ್ಲ.

"ಏನಂತ ಕರೆದ್ರಿ?"

"ಎವರಿಸ್ತೊ ಸುನಿನೊ. ಫೋನಲ್ಲಿ ಹಾಗೇ ಹೇಳಿದ್ರಿ ತಾನೆ?"

"ನಾನು ಅಮಿಲ್ಕಾರ್. ಎವರಿಸ್ತೊ ನಮ್ಮಪ್ಪ."

"ಹಾಗಾದ್ರೆ ನಿಮ್ಮಪ್ಪ ನಿಮಗೋಸ್ಕರ ಸಮಯ ಕೇಳಿದ್ರು ಅನ್ನಿ. ಬದುಕಿದಾರಾ?"

"ಇಲ್ಲ."

"ಹೋಗಿದ್ದು ನೀವು ನೋಡಿದ್ರಾ?"

"ಯಾರೂ ನೋಡಲಿಲ್ಲ, ಡಾಕ್ಟ್ರೇ."

ಮುದುಕಿ ಸಿಗರೇಟಿಗೆ ಕೈ ಹಾಕಿದಳು. ಕಡ್ಡಿ ಗೀರಿ ಹಚ್ಚಿಕೊಂಡಳು.

"ನೋಡಿ, ನನಗೆ ಫೋನ್ ಮಾಡಿದ್ದು ಯಾರು ಅಂತ ಗೊತ್ತಿಲ್ಲ. ಗೊತ್ತು ಅಂತ ನಟಿಸೋದೂ ಇಲ್ಲ. ಇಷ್ಟು ವರ್ಷದಲ್ಲಿ ನನಗೆ ಅರ್ಥ ಆಗದೆ ಇರೋದು ಬೇಕಾದಷ್ಟು ಈ ಕೋಣೆಗೆ ಬಂದು ಹೋಗಿದೆ. ನಾನು ಬಂದವರ ಜೊತೆ ಕೂರೋಳು. ಇವತ್ತು ಬಂದಿರೋದು ನೀವು. ಕೂತ್ಕೊಂಡು ಹೇಳಿ, ನಿಮ್ಮಪ್ಪ ಹೇಗೆ ತಟ್ತಿದ್ರು ಬಾಗಿಲನ್ನ?"

ಬಾಗಿಲು ತಟ್ಟುವ ವಿಷಯ ಅವನು ಅವಳಿಗೆ ಹೇಳಿರಲಿಲ್ಲ. ಅಮಿಲ್ಕಾರ್ ಕೂತ. ತನಗರಿವಿಲ್ಲದೆ ಕುರ್ಚಿಯ ಕೈಯ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿದ. ಆಮೇಲೆ ಅವನ ಬಾಯಿಂದ ಮಾತು ಹೊರಬಿತ್ತು.

ಪುವೆರ್ತೊ ಸೌಸೆಯಲ್ಲಿ ಅಪ್ಪನಿಗೆ ಕಟ್ಟಿಗೆ ಡಿಪೊದಲ್ಲಿ ಕೆಲಸ. ಆದರೆ ಊರಿಗೆ ಅವನ ಗುರುತಿದ್ದದ್ದು ಬೇರೆ. ನದಿ ಉಕ್ಕುವ ವರ್ಷಗಳಲ್ಲಿ ದಂಡೆಯ ಮೇಲಿನ ಕಲ್ಲನ್ನು ನೀರು ಮುಟ್ಟಿತೆಂದರೆ ಎವರಿಸ್ತೊ ಮನೆಮನೆಗೂ ಹೋಗಿ ಬಾಗಿಲು ತಟ್ಟುತ್ತಿದ್ದ. "ನೀರು ಬರ್ತಿದೆ, ಸಾಮಾನು ಮೇಲಿಡಿ." ಯಾರೂ ಅವನಿಗೆ ವಹಿಸಿದ ಕೆಲಸವಲ್ಲ. ಅವನಪ್ಪನೂ ಮಾಡುತ್ತಿದ್ದ, ಹಾಗಾಗಿ ಇವನೂ ಮಾಡುತ್ತಿದ್ದ. ಚಿಕ್ಕವನಿದ್ದಾಗ ಅಮಿಲ್ಕಾರ್ ಹಾಸಿಗೆಯಲ್ಲಿ ಮಲಗಿ, ಆ ದನಿ ಬೀದಿಯ ಆ ತುದಿಗೆ ಹೋಗಿ ಮತ್ತೆ ಹತ್ತಿರವಾಗುವುದನ್ನು ಕೇಳುತ್ತಾ ನಿದ್ದೆ ಹೋಗುತ್ತಿದ್ದ.

ಅಣೆಕಟ್ಟು ಬಂದಾಗ ಊರಿಗೆ ಊರೇ ಗುಡ್ಡದ ಮೇಲೆ ಕಟ್ಟಿದ ಹೊಸ ಮನೆಗಳಿಗೆ ಹೋಯಿತು. ಹಳೆಯ ಗೋಡೆಗಳನ್ನು ಯಂತ್ರಗಳು ಉರುಳಿಸಿದವು. ಎಲ್ಲರೂ ಬಂದರು, ಎವರಿಸ್ತೊನೂ ಬಂದ. ನೀರು ನಿಧಾನಕ್ಕೆ ಏರತೊಡಗಿದ ದಿನಗಳಲ್ಲಿ ಒಂದು ಮಧ್ಯಾಹ್ನ, ಊಟದ ಮೇಜಿನಿಂದ ಎದ್ದು, "ಇನ್ನೂ ಯಾರೋ ಉಳಿದಿದಾರೆ, ಹೇಳಿ ಬರ್ತೀನಿ," ಎಂದು ಟೋಪಿ ಹಾಕಿಕೊಂಡು ಇಳಿದು ಹೋದ. ಮರಳಿ ಬರಲಿಲ್ಲ. ಅವನು ತೆಗೆದುಕೊಂಡು ಹೋಗಿದ್ದ ದೋಣಿ ಖಾಲಿಯಾಗಿ ಸಿಕ್ಕಿತು. ಅಮಿಲ್ಕಾರ್ ಆಗ ಬ್ಯೂನಸ್ ಐರಿಸ್ಸಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಬಸ್ಸು ಹತ್ತಿ ಹೋಗಿ, ಶವಪೆಟ್ಟಿಗೆಯಿಲ್ಲದ ಒಂದು ಪೂಜೆಯಲ್ಲಿ ನಿಂತು, ಬಸ್ಸು ಹತ್ತಿ ಬಂದ. ಅಳಲಿಲ್ಲ. ಅಳುವುದಕ್ಕೆ ಏನೋ ಒಂದು ಎದುರಿಗೆ ಬೇಕಲ್ಲ, ಅಲ್ಲಿ ಬರೀ ನೀರಿತ್ತು.

"ಅವರಿಗೆ ಆಗ ಎಷ್ಟು ವಯಸ್ಸು?" ರಕೆಲ್ ಕೇಳಿದಳು.

ಅಮಿಲ್ಕಾರ್ ಬೆರಳು ಮಡಿಸಿ ಲೆಕ್ಕ ಹಾಕಿದ. "ನಂಗೀಗ ಎಷ್ಟೋ ಅಷ್ಟು," ಎಂದ ಕೊನೆಗೆ.

"ದನಿ ನಿಮ್ಮದು ಅಂತ ಹೇಳ್ತಿದೀರಿ. ನಿಮ್ಮದೇನಾ ಅದು?"

ಅವನು ಗುರುವಾರಗಳಂದು ಹೋಗತೊಡಗಿದ. ಒಲಿವೇರಿಗೆ ಬೇಕಿದ್ದ ಮಾತನ್ನು ರಕೆಲ್ ಬರೆದುಕೊಟ್ಟಳು: ಈ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿದೆ, ಕೆಲಸಕ್ಕೆ ತಕ್ಕವನಿದ್ದಾನೆ. ಅದನ್ನು ಕೊಡುವಾಗ ಹೇಳಿದಳು, "ಇದು ಅವರಿಗೆ. ನಮ್ಮದು ಇನ್ನೂ ಬಾಕಿಯಿದೆ. ಆ ಊರಿನವರು ಯಾರ ಜೊತೆಗಾದ್ರೂ ಮಾತಾಡಿ."

ಹೊಸ ಊರಿನಲ್ಲಿ ಅವನ ಅಕ್ಕ ಅರ್ಮಿಂದಾ ಇದ್ದಳು. ಹೊಸವರ್ಷಕ್ಕೆ ನಿಲ್ದಾಳೇ ಅವಳಿಗೆ ಫೋನು ಮಾಡುತ್ತಿದ್ದಳು, ಅಮಿಲ್ಕಾರ್ ದೂರದಿಂದ ಕೈಯಾಡಿಸುತ್ತಿದ್ದ ಅಷ್ಟೇ. ಒಂದು ಭಾನುವಾರ ಅವನೇ ನಂಬರ್ ಒತ್ತಿದ.

"ಹಲೋ? ನಾನು."

ಅತ್ತ ಏನೋ ಬಿದ್ದು ಒಡೆದ ಸದ್ದು. ಆಮೇಲೆ ಉಸಿರು. ಆಮೇಲೆ ಎಪ್ಪತ್ತರ ಮುದುಕಿಯ ಬಾಯಿಂದ ಎಳೆಯ ಹುಡುಗಿಯ ದನಿ.

"ಅಪ್ಪಾ? ಎಲ್ಲಿದೀಯ?"

"ಅಕ್ಕಾ, ನಾನು ಅಮಿಲ್ಕಾರ್."

ಅವಳು ಅಳುತ್ತಾ ಬೈದಳು. "ಪಾಪಿ, ಆ ದನೀಲಿ ಯಾರಾದ್ರೂ ಹಾಗೆ ಫೋನ್ ಮಾಡ್ತಾರೇನೋ! ಮೊದ್ಲು ಹೆಸರು ಹೇಳ್ಬಾರ್ದಾ? ಎದೆ ಒಡ್ದು ಸಾಯ್ತಿದ್ದೆ." ಬೈದು ಸುಧಾರಿಸಿಕೊಂಡ ಮೇಲೆ, ಸಣ್ಣಗೆ, "ಈ ವರ್ಷ ಮಳೆ ಇಲ್ಲ ಕಣೋ. ಅಣೆಕಟ್ಟಿನ ಕೆರೆ ಇಳಿದಿದೆ. ನಮ್ಮ ಬೀದಿ ಮೇಲೆ ಬಂದಿದೆ. ಜನ ಹೋಗಿ ಓಡಾಡ್ತಿದಾರೆ. ನಾನು ಹೋಗಿಲ್ಲ. ಒಬ್ಳೇ ಹೋಗೋಕೆ ಆಗಲ್ಲ," ಎಂದಳು.

ಅಮಿಲ್ಕಾರನೂ ನಿಲ್ದಾಳೂ ಹೋದರು. ಅರ್ಮಿಂದಾ ಕೋಲೂರಿಕೊಂಡು ಬಂದಳು. ಗುಡ್ಡದಿಂದ ಇಳಿಯುತ್ತಿದ್ದಂತೆ ಊರು ಕಂಡಿತು, ಅಥವಾ ಊರಿನ ಅಂಗಾಲು. ಬಿರುಕುಬಿಟ್ಟ ಬೂದು ಕೆಸರಿನ ಮೇಲೆ ಬೀದಿಗಳ ಕಲ್ಲು, ಎರಡೂ ಕಡೆ ಮನೆಗಳ ನೆಲ ಮಾತ್ರ. ಗೋಡೆಯಿಲ್ಲ, ಮಾಡಿಲ್ಲ. ಮೊಣಕಾಲೆತ್ತರದ ಮರದ ಮೋಟುಗಳು ಸಾಲಾಗಿ ನಿಂತಿದ್ದವು. ಗಾಳಿಯಿರಲಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ದೂರದಲ್ಲಿ ನೀರು ಕದಲದೆ ಮಲಗಿತ್ತು.

ಅರ್ಮಿಂದಾ ದಾರಿ ತಪ್ಪಲಿಲ್ಲ. ಇದು ರೊಟ್ಟಿಯವರ ಮನೆ, ಇದು ಶಾಲೆ ಮೇಡಂ ಮನೆ ಎಂದು ಕೋಲಿನಿಂದ ತೋರಿಸುತ್ತಾ ನಡೆದು ಒಂದು ಹೊಸ್ತಿಲ ಬಳಿ ನಿಂತಳು. ಕೆಂಪು ಹಳದಿ ಹೆಂಚಿನ ನೆಲ. ಅಮ್ಮ ಮಂಡಿಯೂರಿ ಒರೆಸುತ್ತಿದ್ದ ನೆಲ. ಒಲೆಯಿದ್ದ ಜಾಗದಲ್ಲಿ ಚಿಪ್ಪುಗಳು ಅಂಟಿಕೊಂಡಿದ್ದವು.

"ಒಳಗೆ ಬಾ," ಎಂದಳು ಅರ್ಮಿಂದಾ. ಒಳಗೆ ಎನ್ನುವುದೇ ಇರಲಿಲ್ಲ. ಆದರೂ ಮೂವರೂ ಬಾಗಿಲಿದ್ದ ಜಾಗದಿಂದಲೇ ದಾಟಿದರು.

ಅಲ್ಲಿ ಏನು ಮಾಡಬೇಕೆಂದು ರಕೆಲ್ ಹೇಳಿ ಕಳಿಸಿರಲಿಲ್ಲ. ಅಮಿಲ್ಕಾರ್ ಸ್ವಲ್ಪ ಹೊತ್ತು ನಿಂತ. ಆಮೇಲೆ ಹೊರಗೆ ಹೋಗಿ, ಬೀದಿಯ ತುದಿಯ ಮೊದಲ ಮನೆಯ ಹೊಸ್ತಿಲ ಮುಂದೆ ಬಗ್ಗಿ ಕಲ್ಲಿನ ಮೇಲೆ ಗೆಣ್ಣಿನಿಂದ ಮೂರು ಸಲ ತಟ್ಟಿದ.

"ಇಲ್ಲಿ ಯಾರೂ ಇಲ್ಲ, ಅಪ್ಪಾ. ಇವರು ಹೋದ್ರು," ಎಂದು ಗಟ್ಟಿಯಾಗಿ ಕೂಗಿದ.

ದನಿ ತಿರುಗಿ ಬಂತು. ಸುತ್ತ ಒಂದು ಗೋಡೆಯಿಲ್ಲ, ಗುಡ್ಡ ಹಿಂದೆ ದೂರದಲ್ಲಿದೆ. ಆದರೂ ನೀರಿನ ಕಡೆಯಿಂದ, ಸ್ವಲ್ಪ ತಡೆದು, ಅದೇ ದಪ್ಪ ದನಿ ತಿರುಗಿ ಬಂತು: ಹೋದ್ರು.

ನಿಲ್ದಾ ಅತ್ತಿಗೆಯ ಕೈ ಹಿಡಿದುಕೊಂಡಳು. ಅಮಿಲ್ಕಾರ್ ಮುಂದಿನ ಹೊಸ್ತಿಲಿಗೆ ಹೋದ. ತಟ್ಟಿದ, ಕೂಗಿದ. "ರೊಟ್ಟಿಯವರೂ ಹೋದ್ರು, ಅಪ್ಪಾ." ಹೋದ್ರು, ಎಂದಿತು ನೀರು. "ಮೇಡಮ್ಮೂ ಹೋದ್ರು." ಹೋದ್ರು. ಹಾಗೇ ಬೀದಿಯ ಒಂದು ಕಡೆ ಮುಗಿಸಿ ಇನ್ನೊಂದು ಕಡೆಯಿಂದ ಹಿಂದೆ ಬಂದ. ಪ್ರತಿ ಸಲವೂ ಉತ್ತರ ಕೊಂಚ ಹತ್ತಿರದಿಂದ ಬರುತ್ತಿತ್ತು. ಅವನ ಗಂಟಲು ಹರಿಯಿತು, ಕಣ್ಣು ಹರಿಯಿತು, ಅವನು ನಿಲ್ಲಿಸಲಿಲ್ಲ. ಕೊನೆಗೆ ತಮ್ಮ ಮನೆಯ ಹೊಸ್ತಿಲು ಉಳಿಯಿತು. ಅರ್ಮಿಂದಾ ಒಳಗೆ ನಿಂತಿದ್ದಳು. ಉತ್ತರ ಈ ಸಲ ಬಂದರೆ ಅದು ಬೆನ್ನ ಹಿಂದಿನಿಂದಲೇ ಬರಬೇಕು ಎಂದು ಮೂವರಿಗೂ ಗೊತ್ತಿತ್ತು.

ಅವನು ಮಂಡಿಯೂರಿ ತಟ್ಟಿದ.

"ನಾವೂ ಹೋದ್ವಿ, ಅಪ್ಪಾ. ಎಲ್ಲರೂ ಮೇಲೆ ಬಂದ್ವಿ. ಯಾರೂ ಉಳಿದಿಲ್ಲ. ನೀನೂ ಬಂದ್ಬಿಡು."

ಕಾದರು. ಏನೂ ಬರಲಿಲ್ಲ. ದೂರದಲ್ಲಿ ನೀರಿನ ಅಂಚು ಒಮ್ಮೆ ಸುಕ್ಕುಗಟ್ಟಿ ಮತ್ತೆ ಸಪಾಟಾಯಿತು. ಅರ್ಮಿಂದಾ ಶಿಲುಬೆಯ ಗುರುತು ಹಾಕಿಕೊಂಡು, ಒಬ್ಬರ ಮರಣವಾದಾಗ ಹೇಳುವ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯ ತನಕ, ಒಂದು ಅಕ್ಷರ ಬಿಡದೆ ಹೇಳಿದಳು. ಅಮಿಲ್ಕಾರ್ ಹೆಂಚಿನ ನೆಲದ ಮೇಲೆ ಕೂತು, ಇಪ್ಪತ್ತೆರಡರ ವಯಸ್ಸಿನಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತ.

ಬ್ಯೂನಸ್ ಐರಿಸ್ಸಿಗೆ ಮರಳಿದಾಗ ಅವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಮುಂದಿನ ಗುರುವಾರ ರಕೆಲ್ ಎದುರು ಕೂತು ಪಿಸುಗುಟ್ಟಿಯೇ ಎಲ್ಲ ಹೇಳಿದ. "ಆ ದನಿ ನೀರಿನ ಕಡೆಯಿಂದ ನಿಜವಾಗಿ ಬಂತಾ, ಡಾಕ್ಟ್ರೇ?" ಎಂದು ಅವನು ಕೇಳಿದ. "ನಿಮ್ಮ ಹೆಂಡ್ತಿ ಕೇಳಿದಾರೆ, ನಿಮ್ಮಕ್ಕ ಕೇಳಿದಾರೆ. ನಾನು ಅಲ್ಲಿರಲಿಲ್ಲ. ಇಲ್ಲ ಅನ್ನೋಕೆ ನಾನ್ಯಾರು?" ಎಂದಳು ಅವಳು.

ಗಂಟಲು ಸರಿಹೋದಾಗ ದನಿ ಕೊಂಚ ಸೀಳಿ, ತೆಳ್ಳಗಾಗಿತ್ತು. ಅಕ್ಕನಿಗೆ ಫೋನು ಮಾಡಿದರೆ ಅವಳು, "ಹಾಂ, ಈಗ ನೀನೇ," ಎನ್ನುತ್ತಿದ್ದಳು. ಕಟ್ಟಡದಲ್ಲಿ ಮತ್ತೆ ಯಾರ ಗೋಡೆಯ ಫೋನಿನಿಂದಲೂ ಅಂಥ ಮಾತು ಬರಲಿಲ್ಲ. ಮೆಟ್ಟಿಲ ಮೇಲಿನ ತಟ್ಟುವಿಕೆಯೂ ನಿಂತಿತು. ಅಮಿಲ್ಕಾರ್ ಮಾತ್ರ ಗುರುವಾರಗಳನ್ನು ಬಿಡಲಿಲ್ಲ. ಈಗ ಅವನು ನಿಲ್ದಾಳ ಬಗ್ಗೆ, ಹುಟ್ಟದ ಮಕ್ಕಳ ಬಗ್ಗೆ, ಸೊಂಟನೋವಿನ ಬಗ್ಗೆ ಮಾತಾಡುತ್ತಿದ್ದ. ಮೇಲೆ ಹೋಗುವವರು, ಕೆಳಗೆ ಬರುವವರು ಎದುರಾದರೆ ಮೊದಲಿನಂತೆ ಬರೀ ನೋಡುತ್ತಾ ಉಳಿಯದೆ, ಬಾಗಿಲು ಹಿಡಿದು ನಿಲ್ಲುತ್ತಿದ್ದ.

ಕೆಲಸದಿಂದ ನಿವೃತ್ತನಾದ ಮೇಲೆ ಗಂಡ ಹೆಂಡತಿ ಊರಾಚೆಯ ಲನೂಸಿನಲ್ಲಿ ಮಹಡಿಯಿಲ್ಲದ ಸಣ್ಣದೊಂದು ಮನೆ ಮಾಡಿದರು. ಗಂಟೆ ಹಾಕಿಸುವುದು ಬೇಡವೆಂದು ನಿಲ್ದಾ ಪಟ್ಟು ಹಿಡಿದಳು. ಆ ಕಡೆ ಬಂದವರು ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟುವುದು ರೂಢಿ. ತರಕಾರಿಯವನು ತಟ್ಟುತ್ತಾನೆ, ಪಕ್ಕದ ಮನೆಯವಳು ತಟ್ಟುತ್ತಾಳೆ. ಕೆಲವು ಸಲ ಊಟವಾದ ಮೇಲಿನ ಹೊತ್ತಿನಲ್ಲೂ ಕೇಳಿಸುತ್ತದೆ. ಅಮಿಲ್ಕಾರ್ ಎದ್ದು ಹೋಗಿ ನೋಡುತ್ತಾನೆ. ಯಾರೂ ಇಲ್ಲದಿದ್ದರೆ, ಗೇಟು ತೆರೆದು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಆಮೇಲೆ ಒಳಗೆ ಬಂದು ಇನ್ನೊಂದು ಮಾಟೆಗೆ ನೀರು ಕಾಯಲು ಇಡುತ್ತಾನೆ.